ಡ್ರೋನ್ ರೆಕ್ಕೆ: ಯಾವುದು ಬೇಕು, ಯಾವುದು ಬೇಡ?

(ಶಾಮನೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಆಡಿದ ಮಾತುಗಳು)



ಭದ್ರಾ ನಾಲೆಯ ನೀರು ಬಂತೆಂದರೆ ಭತ್ತದ ನಾಟಿ, ಅದರ ಹಿಂದೆಯೇ ಔಷಧಿ ಹೊಡೆಯೋ ಕೆಲಸ. ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಕೆಸರಲ್ಲಿ ನಡೆಯೋ ಕಷ್ಟ ನಿಮಗೆ ಹೇಳಬೇಕಿಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ನಮೋ ಡ್ರೋನ್ ದೀದಿ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸಂಘಗಳಿಗೆ ಡ್ರೋನ್, ಬೆಲೆಯ ಶೇ. 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ ಅಂತ ಹೇಳಿತು. ಅಲ್ಲಿಂದ ನಮ್ಮ ಮುಂದೆ ಒಂದೇ ಪ್ರಶ್ನೆ: ಈ ಕೆಲಸಕ್ಕೆ ನಾವೂ ಇಳಿಯೋಣವೇ?

ಉಳಿದದ್ದನ್ನು ಇನ್ನೊಂದು ದಿನ ಮಾತಾಡೋಣ. ಇವತ್ತು ರೆಕ್ಕೆಯ ವಿಷಯ. ಯಾಕಂದ್ರೆ ತೆಂಗಿನ ಗರಿಗೋ ವೈರಿಗೋ ತಗುಲಿದರೆ ಮೊದಲು ಮುರಿಯೋದು ಅದೇ.

ದೋಣಿಯ ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳಿದ ಹಾಗೆ ಡ್ರೋನ್ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಆ ಗಾಳಿಯೇ ಔಷಧಿಯನ್ನು ಪೈರಿನೊಳಕ್ಕೆ ಇಳಿಸುತ್ತದೆ. ಕಂದು ಜಿಗಿಹುಳು ಕೂರೋದು ಭತ್ತದ ಬುಡದಲ್ಲಿ ನೋಡ್ರಿ, ಗಾಳಿ ಅಲ್ಲಿವರೆಗೂ ಮುಟ್ಟಬೇಕು. ಹಂಗಂತ ತೀರಾ ಕೆಳಗೆ ಹಾರಿಸಿದರೆ ಪೈರೇ ಮಲಗೀತು.

ಉದ್ದ ರೆಕ್ಕೆ ನಿಧಾನಕ್ಕೆ ತಿರುಗಿದರೂ ಹೆಚ್ಚು ಗಾಳಿ ತಳ್ಳುತ್ತದೆ, ಬ್ಯಾಟರಿ ಉಳಿಯುತ್ತದೆ. ಸಾಗಿಸೋದು ತೊಡಕು ಅಂತ ಅದನ್ನು ಮಡಚುವ ಹಾಗೆ ಮಾಡಿದರು. ಆಟೋದಲ್ಲಿ ಹಾಕ್ಕೊಂಡು ಹೋಗಬಹುದು, ಆದರೆ ಮಡಚುವ ಜಾಗದ ಸ್ಕ್ರೂ ಸಡಿಲಾಗುತ್ತೆ, ದಿನಾ ನೋಡಲೇಬೇಕು. ಕಾರ್ಬನ್ ಫೈಬರ್ ರೆಕ್ಕೆ ಹಗುರ, ಬಾಗೋಲ್ಲ. ಜೋರಾಗಿ ಬಡಿದರೆ ಸೀಳುತ್ತೆ, ಬೆಲೆಯೂ ಜಾಸ್ತಿ. ನೈಲಾನ್ ಬೆರೆತದ್ದು ಅಗ್ಗ, ಸಣ್ಣ ಪೆಟ್ಟು ತಾಳುತ್ತೆ, ಭಾರ ಹೊತ್ತಾಗ ಸ್ವಲ್ಪ ಬಾಗುತ್ತೆ.

ಇನ್ನೊಂದು ಹೊಸ ಬಗೆ ಬಂದಿದೆ, ಮೊಬೈಲಿನಲ್ಲಿ ಕೆಲವರು ನೋಡಿರಬಹುದು. ತುದಿಯೇ ಇಲ್ಲದೆ ಬಳೆಯ ಹಾಗೆ ಸುತ್ತಿಕೊಂಡ ರೆಕ್ಕೆ. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯದವರು ಡ್ರೋನಿಗೆ, ಶ್ಯಾರೋ ಎಂಬ ಕಂಪನಿಯವರು ದೋಣಿಗೆ ಮಾಡಿದ್ದಾರೆ. ರೆಕ್ಕೆಯ ತುದಿಯಲ್ಲಿ ಏಳುವ ಸುಳಿಯಿಂದ ಸದ್ದೂ ಹೆಚ್ಚು, ಶಕ್ತಿಯೂ ಪೋಲು. ತುದಿ ಇಲ್ಲದಿದ್ದರೆ ಎರಡೂ ಕಡಿಮೆ ಅನ್ನೋದು ಅವರ ವಾದ. ಇರಬಹುದು. ದೋಣಿಗೆ ಇಂಧನ ಉಳಿದರೆ ಮೀನುಗಾರರಿಗೆ ಒಳ್ಳೆಯದೇ. ಆದರೆ ಬೆಲೆ ಮಾಮೂಲಿಗಿಂತ ಹಲವು ಪಟ್ಟು, ಮಾಡೋದು ಕಷ್ಟ, ಮಡಚೋಕೂ ಬರೋಲ್ಲ. ಗದ್ದೆಯ ಮೇಲೆ ಸದ್ದು ತಗ್ಗಿದರೆ ನಮಗೇನು? ಎಮ್ಮೆ ಬೆದರೋಲ್ಲ, ಅಷ್ಟೇ. ಸದ್ಯಕ್ಕೆ ನಮಗೆ ಅದು ಬೇಡ ಅನ್ನೋದೇ ನಮ್ಮ ಅಭಿಪ್ರಾಯ.

ಮಾರೋರನ್ನು ಕೇಳಬೇಕಾದ್ದು ಬೇರೆ. ರೆಕ್ಕೆ ದಾವಣಗೆರೆಯಲ್ಲೇ ಸಿಗುತ್ತಾ? ತರಿಸೋದಾದರೆ ಎಷ್ಟು ದಿನ? ಔಷಧಿ ಹೊಡೆಯೋ ದಿನಗಳಲ್ಲೇ ನಮಗೆ ಬಾಡಿಗೆ. ಒಂದು ರೆಕ್ಕೆಗೆ ವಾರ ಕಾದರೆ ಬಾಡಿಗೆ ಹೋಯ್ತು, ಸಾಲದ ಕಂತು ಮಾತ್ರ ಕಾಯೋಲ್ಲ. ಪಕ್ಕಪಕ್ಕದ ಮೋಟಾರುಗಳಲ್ಲಿ ಒಂದು ಬಲಕ್ಕೆ, ಒಂದು ಎಡಕ್ಕೆ ತಿರುಗುತ್ತದೆ. ಎರಡೂ ಬಗೆಯ ರೆಕ್ಕೆ ಬಿಡಿಯಾಗಿ ಕೈಯಲ್ಲಿರಲಿ. ಬಿರುಕು ಬಿಟ್ಟದ್ದಕ್ಕೆ ಅಂಟು ಹಾಕಿ ಹಾರಿಸಲೇಬೇಡಿ, ತಲೆ ಮೇಲೆ ಬಿದ್ದೀತು.

ನಿಮ್ಮ ಊರಲ್ಲಿ ಎಷ್ಟು ಎಕರೆ ಭತ್ತ, ಈಗ ಔಷಧಿ ಹೊಡೆಯೋ ಕೂಲಿ ಎಷ್ಟು, ಇವೆರಡನ್ನು ಬರೆದುಕೊಂಡು ಮುಂದಿನ ಸಭೆಗೆ ಬನ್ನಿ. ಅಲ್ಲೇ ಕೂತು ಲೆಕ್ಕ ಹಾಕೋಣ.