ನಿಲ್ದಾಣದ ಮುಂದಿನ ಬಯಲು ಯಾರದು?

(ಚಳ್ಳಕೆರೆಯಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)

ಎಣ್ಣೆ ಗಿರಣಿಗಳ ಕಾರ್ಮಿಕ ಬಂಧುಗಳೇ, ಮೊಳಕಾಲ್ಮೂರಿನಿಂದ ಬಂದಿರುವ ನೇಕಾರ ಸಂಗಾತಿಗಳೇ, ಅಂಗಡಿ ಬಾಗಿಲನ್ನು ಹೊತ್ತಿಗೆ ಮುಂಚೆ ಹಾಕಿ ಬಂದ ವರ್ತಕ ಮಿತ್ರರೇ,

ನೂರು ಕಷ್ಟಗಳಿರುವಾಗ ಗಾಡಿ ನಿಲ್ಲಿಸುವ ಜಾಗದ ಬಗ್ಗೆ ಸಭೆ ಕರೆಯುವುದೇಕೆ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಉತ್ತರವಾಗಿ ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಮೇಷ್ಟರ ಕೆಲಸ ಬಿಟ್ಟರೂ ಲೆಕ್ಕದ ಚಟ ಬಿಟ್ಟಿಲ್ಲ. ಒಂದು ಕಾರು ನಿಲ್ಲಲು, ಅದು ಒಳಗೆ ಬಂದು ತಿರುಗಿ ಹೊರಹೋಗುವ ದಾರಿಯನ್ನೂ ಸೇರಿಸಿದರೆ, ಸುಮಾರು 300 ಚದರ ಅಡಿ ನೆಲ ಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯು ನಗರದ ಅತಿ ಬಡ ಕುಟುಂಬದ ಮನೆಗೆ ಗೊತ್ತುಮಾಡಿದ ಅಳತೆಯ ಮಿತಿ 30 ಚದರ ಮೀಟರು, ಎಂದರೆ 323 ಚದರ ಅಡಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಮುದುಕಿ, ಅಡಿಗೆ ಒಲೆ, ಬಚ್ಚಲು ಎಲ್ಲ ಸೇರಿ ಬಾಳಬೇಕಾದ ಜಾಗವೂ ಒಂದೇ, ಒಬ್ಬನ ಕಾರು ಬಿಸಿಲಿಗೆ ಕಾಯುತ್ತ ನಿಲ್ಲುವ ಜಾಗವೂ ಒಂದೇ. ಕಾರಿಗೆ ಆ ಜಾಗ ಊರ ನಡುವೆ, ನಿಲ್ದಾಣದ ಬಾಗಿಲಲ್ಲಿಯೇ ಸಿಕ್ಕುತ್ತದೆ. ಕುಟುಂಬಕ್ಕೆ ಅದು ಸಿಕ್ಕಿದರೂ ಊರಾಚೆ, ಬಸ್ಸು ಹೋಗದ ಕಡೆ ಸಿಕ್ಕುತ್ತದೆ.

ನಿಲ್ದಾಣ ಎಂದಾಗ ನಾವು ರೈಲು, ಬಸ್ಸು ಎರಡನ್ನೂ ಹೇಳುತ್ತಿದ್ದೇವೆ. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ, ರಾಯದುರ್ಗದ ಮೇಲೆ ಬಳ್ಳಾರಿಗೆ ರೈಲು ಹೋಗುತ್ತದೆ. ಹಿರಿಯೂರು–ಬಳ್ಳಾರಿ ಹೆದ್ದಾರಿ ನಮ್ಮ ಊರನ್ನು ದಾಟುತ್ತದೆ. ರೈಲ್ವೆಯ ನೆಲ ದೆಹಲಿಯದು, ಬಸ್ ನಿಲ್ದಾಣದ್ದು ಸಾರಿಗೆ ಸಂಸ್ಥೆಯದು, ಸುತ್ತಲ ಬೀದಿ ಮತ್ತು ಸಂತೆ ಮಾಳ ನಗರಸಭೆಯದು. ಮೂವರು ಒಡೆಯರು, ಮೂರು ಬೀಗದ ಕೈ. ಮೂವರೂ ಜನರ ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ ಎಂಬುದನ್ನು ಮಾತ್ರ ಮರೆಯಬೇಡಿರಿ.

ಇಂಥ ನೆಲದ ಮೇಲೆ ಕಣ್ಣು ಬಿದ್ದು ಬಹಳ ದಿನಗಳಾದವು. 2005ರಲ್ಲಿ ರೈಲ್ವೆ ಕಾಯಿದೆಗೆ ತಿದ್ದುಪಡಿ ತಂದು, ರೈಲ್ವೆಯ ಖಾಲಿ ಜಮೀನನ್ನು ದೀರ್ಘ ಗುತ್ತಿಗೆಗೆ ಕೊಟ್ಟು ಹಣ ಮಾಡುವುದಕ್ಕೆಂದೇ ಒಂದು ಪ್ರಾಧಿಕಾರಕ್ಕೆ ದಾರಿ ಮಾಡಿದರು. ಮನೆಗಳಿಗಾಗಿ ಕೊಡುವ ಗುತ್ತಿಗೆ 99 ವರ್ಷದವರೆಗೆ ಹೋಗುತ್ತದೆ. 99 ವರ್ಷವೆಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆ ನೆಲ ಹಿಂದಕ್ಕೆ ಬಾರದು. ಅದನ್ನು ಮಾರಾಟವೆಂದು ಕರೆಯದೆ ಗುತ್ತಿಗೆ ಎಂದು ಕರೆಯುವುದು ಸರ್ಕಾರಿ ವ್ಯಾಕರಣ.

ಬೆಂಗಳೂರಿನಲ್ಲಿ ಏನಾಯಿತು ನೋಡಿರಿ. ಕೇಂದ್ರದ ನಗರ ನವೀಕರಣ ಯೋಜನೆಯ ಹಣದಲ್ಲಿ ಅಲ್ಲಿಯ ಬಸ್ ಸಂಸ್ಥೆಯು ಶಾಂತಿನಗರ, ಜಯನಗರ, ವಿಜಯನಗರ, ಯಶವಂತಪುರ ಮೊದಲಾದ ಕಡೆ ಸಾರಿಗೆ ಕೇಂದ್ರಗಳೆಂಬ ದೊಡ್ಡ ಕಟ್ಟಡಗಳನ್ನು ಎಬ್ಬಿಸಿತು. ಕೆಳಗೆ ಬಸ್ಸು, ಒಳಗೆ ಕಾರು ನಿಲ್ಲುವ ಅಂತಸ್ತು, ಮೇಲೆ ಕಚೇರಿ ಮತ್ತು ಮಳಿಗೆ. ಬಾಡಿಗೆಗೆ ಜನ ಬಾರದೆ ಎಷ್ಟೋ ಅಂತಸ್ತು ಖಾಲಿ ಬಿದ್ದಿದ್ದವು. ಬೆಳಗಿನ ಮೊದಲ ಬಸ್ಸು ಓಡಿಸುವ ಚಾಲಕ ಮಾತ್ರ ಊರಾಚೆಯಿಂದ ರಾತ್ರಿಯೇ ಬಂದು ಮಲಗಬೇಕು. ಅಷ್ಟು ಕಾಂಕ್ರೀಟು ಸುರಿದವರಿಗೆ ಅವನಿಗೊಂದು ಮನೆ ಕಟ್ಟಬೇಕೆಂದು ತೋಚಲಿಲ್ಲ.

ಇನ್ನೊಂದು ಕಥೆ ಈಜಿಪುರದ್ದು. ಕೋರಮಂಗಲದ ಪಕ್ಕದಲ್ಲಿ ಸುಮಾರು 15 ಎಕರೆಯಲ್ಲಿ 1990ರ ದಶಕದ ಆರಂಭದಲ್ಲಿ ಬಡವರಿಗೆಂದು ಸಾವಿರದ ಐನೂರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರು. ಕಳಪೆ ಕೆಲಸ; ಕೆಲವೇ ವರ್ಷಗಳಲ್ಲಿ ಕಟ್ಟಡಗಳು ಕುಸಿಯತೊಡಗಿದವು. ಆಗ ಸಿಕ್ಕ ಪರಿಹಾರವೇನು? ಖಾಸಗಿ ಕಂಪನಿಯು ಅರ್ಧ ನೆಲದಲ್ಲಿ ಬಡವರ ಮನೆ ಕಟ್ಟಿಕೊಡುವುದು, ಉಳಿದರ್ಧದಲ್ಲಿ ತನ್ನ ಮಾಲ್ ಕಟ್ಟಿಕೊಳ್ಳುವುದು. 2013ರ ಜನವರಿಯ ಚಳಿಯಲ್ಲಿ ಪೊಲೀಸರನ್ನು ಮುಂದಿಟ್ಟುಕೊಂಡು ಜನರನ್ನು ಹೊರಹಾಕಿ ಇದ್ದ ಗುಡಿಸಲುಗಳನ್ನೂ ನೆಲಸಮ ಮಾಡಿದರು. ಎಷ್ಟೋ ಸಂಸಾರಗಳು ವರ್ಷಗಟ್ಟಲೆ ಪಕ್ಕದ ಪಾದಚಾರಿ ದಾರಿಯ ಮೇಲೆಯೇ ಬಾಳಿದವು. ಬಡವರ ಮನೆ, ಸಿರಿವಂತರ ವ್ಯವಹಾರ ಎರಡನ್ನೂ ಒಂದೇ ನೆಲದಲ್ಲಿ ಬೆರೆಸುತ್ತೇವೆ ಎಂದು ಯಾರಾದರೂ ಹೇಳಿದಾಗ ನಾವು ಕೇಳಬೇಕಾದ ಪ್ರಶ್ನೆ ಎರಡು: ನೆಲ ಯಾರ ಹೆಸರಿನಲ್ಲಿ ಉಳಿಯುತ್ತದೆ? ಮೊದಲು ಯಾರ ಮನೆ ಏಳುತ್ತದೆ?

ಇನ್ನು ನಮ್ಮ ಊರಿಗೆ ಬರೋಣ. ಶೇಂಗಾ ಎಣ್ಣೆಯಿಂದ ಹೆಸರಾದ ಊರು ಇದು. 1994ರಲ್ಲಿ ಕೇಂದ್ರ ಸರ್ಕಾರವು ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಗಿರಣಿಗಳು ಒಂದೊಂದಾಗಿ ನಿಂತುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ. ಗಿರಣಿ ನಿಂತ ಮೇಲೆ ಅದರ ಅಂಗಳ ನಿವೇಶನವಾಗುತ್ತದೆ, ನಿವೇಶನಕ್ಕೆ ಚದರ ಅಡಿಯ ಬೆಲೆ ಹತ್ತುತ್ತದೆ. ಆ ಅಂಗಳದಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನಿಗೆ ಮಾತ್ರ ಅಲ್ಲಿ ಜಾಗವಿಲ್ಲ. ನೆಲವೇ ಇಲ್ಲವೆಂದು ಅಧಿಕಾರಿಗಳು ಕೈಯಾಡಿಸುತ್ತಾರೆ. ಇದೇ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ 2007ರ ನಂತರದ ಕೆಲವೇ ವರ್ಷಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಗೊತ್ತುಮಾಡಿದರು. ಅಣು ಸಂಶೋಧನೆಯವರಿಗೂ ಬಾಹ್ಯಾಕಾಶದವರಿಗೂ ಬೇರೆ ಕೊಟ್ಟರು. ದನ ಕುರಿ ಮೇಯಿಸುತ್ತಿದ್ದ ಹಟ್ಟಿಗಳವರು ಬೇಲಿಯ ಹೊರಗೆ ನಿಂತರು. ವಿಜ್ಞಾನ ಬೇಡವೆಂದು ನಾವು ಹೇಳುವುದಿಲ್ಲ. ಸಾವಿರಾರು ಎಕರೆ ಹುಡುಕಬಲ್ಲ ಸರ್ಕಾರಕ್ಕೆ ಹಮಾಲರ ಮನೆಗಾಗಿ ಒಂದು ಎಕರೆ ಸಿಕ್ಕುವುದಿಲ್ಲವೆಂದರೆ ನಂಬುವವರು ಯಾರು?

ಒಂದು ಎಕರೆ ಎಂದೆವಲ್ಲ, ಅದರಲ್ಲಿ ಏನಾದೀತು ಎಂದು ಲೆಕ್ಕ ಹಾಕಿದ್ದೇವೆ. ಎಕರೆಗೆ 43,560 ಚದರ ಅಡಿ. ಅರ್ಧಕ್ಕಿಂತ ಹೆಚ್ಚನ್ನು ದಾರಿಗೆ, ಗಾಳಿ ಬೆಳಕಿಗೆ, ಮಕ್ಕಳ ಆಟಕ್ಕೆ, ಆಟೋ ಮತ್ತು ಸೈಕಲ್ ನಿಲ್ಲಲು ಬಿಟ್ಟು 20 ಸಾವಿರ ಅಡಿಯ ಮೇಲೆ ಕಟ್ಟಿರಿ. ನೆಲದ ಅಂತಸ್ತು ಅಂಗಡಿಗೆ ಮತ್ತು ಕೆಲಸದ ಮನೆಗಳಿಗೆ. ಮೇಲಿನ ಮೂರು ಅಂತಸ್ತಿನಲ್ಲಿ ಮೆಟ್ಟಿಲು, ಗೋಡೆ ಕಳೆದು ಸುಮಾರು 48 ಸಾವಿರ ಅಡಿ ಉಳಿಯುತ್ತದೆ. 350 ಅಡಿಯ ಮನೆ 30, 500 ಅಡಿಯದು 40, 800 ಅಡಿಯದು 20, ಒಟ್ಟು 90 ಮನೆ. ಸಾಲದ ಕಂತಿಗೂ ರಿಪೇರಿಗೂ ಮನೆಯೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಬೇಕೆಂದು ಮಾತಿಗೆ ಇಟ್ಟುಕೊಳ್ಳಿರಿ. ಆಗ ಬೇಕಾದುದು 3 ಲಕ್ಷ 60 ಸಾವಿರ. ಹಮಾಲಿ, ಪೌರಕಾರ್ಮಿಕರು 1,500 ಕೊಡಲಿ, ಗುಮಾಸ್ತ, ಚಾಲಕ, ಸಣ್ಣ ಅಂಗಡಿಯವರು 4,000, ಬ್ಯಾಂಕು ಕಾಲೇಜುಗಳ ನೌಕರರು ದೊಡ್ಡ ಮನೆಗೆ 6,000. ಕೆಳಗಿನ 20 ಅಂಗಡಿಗಳಿಂದ 3,000ದಂತೆ ಸೇರಿಸಿರಿ. 3 ಲಕ್ಷ 85 ಸಾವಿರ ಬಂತು. ಬೆಲೆಗಳು ಹೆಚ್ಚು ಕಡಿಮೆಯಾಗಬಹುದು, ಲೆಕ್ಕದ ದಾರಿ ಇದೇ. ಉಳ್ಳವನು ಒಂದಿಷ್ಟು ಹೆಚ್ಚು ಕೊಟ್ಟರೆ ಇಲ್ಲದವನು ಊರ ನಡುವೆ ಬಾಳಬಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಹೋಗುವ ಜನಕ್ಕೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತಿನ ಅರ್ಥವನ್ನು ನಾವು ಬಿಡಿಸಬೇಕೆ?

ಬಡವರಿಗೇ ಬೇರೆ ಕಾಲೋನಿ ಕಟ್ಟಿದರಾಗದೇ ಎನ್ನುವವರಿದ್ದಾರೆ. ಕಟ್ಟಿ ನೋಡಿದ್ದಾಗಿದೆ. ಅಧಿಕಾರಿಯ ಮನೆಯ ನಲ್ಲಿ ನಿಂತರೆ ನಗರಸಭೆಗೆ ಫೋನು ಹೋಗುತ್ತದೆ. ಹಮಾಲನ ಮನೆಯ ನಲ್ಲಿ ನಿಂತರೆ ಅವನ ಮಗಳು ಕೊಡ ಹಿಡಿದು ಹೋಗುತ್ತಾಳೆ, ಅಷ್ಟೆ. ಇಬ್ಬರ ನಲ್ಲಿಗೂ ಒಂದೇ ಪೈಪು ಇರಲಿ ಎಂಬುದು ನಮ್ಮ ಮಾತು.

ಇದು ಕನಸೆಂದು ನಗುವವರಿಗೆ ವಿಯೆನ್ನಾ ನಗರದ ಸಂಗತಿ ಹೇಳುತ್ತೇವೆ. ಮೊದಲ ಮಹಾಯುದ್ಧದ ನಂತರ ಸಮಾಜವಾದಿಗಳ ಕೈಗೆ ಬಂದ ಆ ನಗರಸಭೆಯು 1923ರಲ್ಲಿ ಮನೆ ತೆರಿಗೆಯೊಂದನ್ನು ಹಾಕಿತು. ಸಾಮಾನ್ಯರಿಗೆ ಹಗುರ, ಭವನಗಳವರಿಗೆ ಭಾರ. ಆ ಹಣದಿಂದ 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿತು. ಅವುಗಳಲ್ಲಿ ಹೆಸರಾದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿಯನ್ನು 1927ರಿಂದ 1930ರವರೆಗೆ ಎಬ್ಬಿಸಿದುದು ರೈಲು ನಿಲ್ದಾಣದ ಎದುರಿಗೇ! ಒಂದು ಕಿಲೋಮೀಟರಿಗೂ ಮೀರಿದ ಉದ್ದ, 1,382 ಮನೆ, ಒಗೆತದ ಮನೆ, ಸ್ನಾನಗೃಹ, ಶಿಶುವಿಹಾರ, ಪುಸ್ತಕಾಲಯ. 1934ರ ಫೆಬ್ರುವರಿಯಲ್ಲಿ ಸರ್ವಾಧಿಕಾರದ ಸರ್ಕಾರವು ಅದರ ಮೇಲೆ ಫಿರಂಗಿ ಹಾರಿಸಿತು. ಮನೆಗಳು ಉಳಿದವು. ಇಂದಿಗೂ ನಗರಸಭೆಯದೇ ಒಡೆತನ, ಇಂದಿಗೂ ಜನ ಬಾಳುತ್ತಿದ್ದಾರೆ.

ವರ್ತಕ ಮಿತ್ರರ ಭಯ ಬೇರೆ. ಗಾಡಿ ನಿಲ್ಲುವ ಜಾಗ ಹೋದರೆ ಗಿರಾಕಿ ಹೋದಾನು ಎಂಬುದು. ಕಾರಿನ ನಾಡಾದ ಅಮೆರಿಕದಲ್ಲೇ ಇದಕ್ಕೆ ಉತ್ತರವಿದೆ. ಓಕ್ಲೆಂಡ್ ನಗರದ ಫ್ರೂಟ್‌ವೇಲ್ ಎಂಬ, ವಲಸೆಗಾರರು ಹೆಚ್ಚಾಗಿರುವ ಬಡಾವಣೆಯಲ್ಲಿ 1990ರ ದಶಕದ ಆರಂಭದಲ್ಲಿ ರೈಲು ಸಂಸ್ಥೆಯು ಅಂತಸ್ತಿನ ಪಾರ್ಕಿಂಗ್ ಕಟ್ಟಡ ಕಟ್ಟಲು ಹೊರಟಿತು. ಅದು ನಿಲ್ದಾಣಕ್ಕೂ ಅಂಗಡಿ ಬೀದಿಗೂ ನಡುವೆ ಗೋಡೆಯಾಗುತ್ತದೆ, ಇಳಿದವರು ನೇರ ಕಾರು ಹತ್ತಿ ಹೋಗುತ್ತಾರೆ ಎಂದು ಅಲ್ಲಿಯ ಜನ ತಡೆದರು. ಬದಲಿಗೆ 2004ರಲ್ಲಿ ಅಂಗಡಿ, ಆಸ್ಪತ್ರೆ, ಪುಸ್ತಕಾಲಯ, ಮನೆಗಳು ಬಂದವು. ಆ 47 ಮನೆಗಳಲ್ಲಿ ಕಡಿಮೆ ಬಾಡಿಗೆಯವು ಹತ್ತೇ ಹತ್ತು. ಇದನ್ನು ನಾವು ಹೊಗಳಲಾರೆವು. ಮುಂದೆ ಅಲ್ಲಿಯೇ ಪಕ್ಕದ ನಿಲುಗಡೆ ಜಾಗದಲ್ಲಿ 94 ಮನೆಗಳನ್ನು ಕಡಿಮೆ ವರಮಾನದವರಿಗೆಂದೇ ಕಟ್ಟಬೇಕಾಯಿತು. ಆದರೆ ಅಂಗಡಿಯವನಿಗೆ ಪಾಠ ಸ್ಪಷ್ಟ: ಕಾರು ಸಾಮಾನು ಕೊಳ್ಳುವುದಿಲ್ಲ, ಮನೆಯವರು ಕೊಳ್ಳುತ್ತಾರೆ. 90 ಸಂಸಾರಗಳ ಸೋಪು, ಬೇಳೆ, ಹಾಲು ನಿಮ್ಮದೇ. ಒಂದು ಷರತ್ತನ್ನು ಮಾತ್ರ ನಾವು ಒತ್ತಿ ಹೇಳುತ್ತೇವೆ. ಮಳಿಗೆಗಳು ಹೆಚ್ಚು ಕೂಗಿದವನಿಗೆ ಹರಾಜಾಗಬಾರದು. ಹರಾಜು ಹಿಡಿದವನು ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುತ್ತಾನೆ, ನಿಜವಾದ ವ್ಯಾಪಾರಿ ಬಿಸಿಲಲ್ಲಿ ನಿಲ್ಲುತ್ತಾನೆ. ಈಗ ನಿಲ್ದಾಣದ ಮುಂದೆ ತಳ್ಳುಗಾಡಿ ಇಟ್ಟವರಿಗೆ ಮೊದಲ ಹಕ್ಕು ಇರಲಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಅವರ ಬೆನ್ನಿಗಿದೆ.

ಮೊಳಕಾಲ್ಮೂರಿನ ಸಂಗಾತಿಗಳ ವಿಷಯದಲ್ಲಿ ಈ ಲೆಕ್ಕವನ್ನೇ ಹಾಗೆಯೇ ಹೊತ್ತುಕೊಂಡು ಹೋದರೆ ಕೆಡುತ್ತದೆ. ನೇಕಾರನ ಮನೆ ಬರೀ ಮನೆಯಲ್ಲ. ಗುಂಡಿಮಗ್ಗದವನು ಕಾಲು ಇಳಿಬಿಟ್ಟು ಕೂರಲು ನೆಲ ಅಗೆಯಬೇಕು. ಮೂರನೆಯ ಅಂತಸ್ತಿನಲ್ಲಿ ಗುಂಡಿ ತೋಡಿದರೆ ಕೆಳಗಿನವನ ತಲೆಯ ಮೇಲೆ ಕಾಲಿಟ್ಟಂತೆ! ಮಗ್ಗದ ಮೇಲೆ ಎತ್ತರ ಬೇಕು, ಹಾಸು ಹರಡಲು ಉದ್ದ ಬೇಕು, ಹೆಂಗಸರು ಮುದುಕರು ಕಂಡಿಕೆ ಸುತ್ತಲು ಬೆಳಕಿನ ಮೂಲೆ ಬೇಕು. ಆದುದರಿಂದ ಅಲ್ಲಿ ನೆಲದ ಅಂತಸ್ತು ಮಗ್ಗಗಳಿಗೇ ಮೀಸಲಾಗಬೇಕು, ವಾಸದ ಮನೆ ಅದರ ನೇರ ಮೇಲೆ, ಒಳಮೆಟ್ಟಿಲಿನಿಂದ. ಬಸ್ಸಿಳಿದು ಸೀರೆ ಕೊಳ್ಳಲು ಬಂದವರು ಮಗ್ಗದ ಮುಂದೆಯೇ ನಿಲ್ಲುವಂತಾದರೆ ನಡುವಿನ ದಲ್ಲಾಳಿಗೆ ಕೆಲಸ ಕಡಿಮೆಯಾಗುತ್ತದೆ. ನಕ್ಷೆ ಬರೆಯುವ ಇಂಜಿನಿಯರು ಮೊದಲು ಒಂದು ದಿನ ಮಗ್ಗದ ಪಕ್ಕ ಕೂತು ಬರಲಿ.

ಈಗ ನಮ್ಮವರೇ ಎತ್ತಿರುವ ದೊಡ್ಡ ಪ್ರಶ್ನೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಪರವಾಗಿ ನಿಂತ ಪರಂಪರೆಯವರು ನೀವು, ಉಳುವವನಿಗೆ ಹೊಲ ಎಂದವರು, ಇಲ್ಲಿ ವಾಸಿಸುವವನಿಗೆ ಹಕ್ಕುಪತ್ರ ಏಕೆ ಬೇಡವೆನ್ನುತ್ತೀರಿ? ಇದು ನ್ಯಾಯವಾದ ಪ್ರಶ್ನೆ. ಹೊಲಕ್ಕೆ ಬೆಲೆ ಬರುವುದು ಉಳುವವನ ಬೆವರಿನಿಂದ. ನಿಲ್ದಾಣದ ಮುಂದಿನ ನೆಲಕ್ಕೆ ಬೆಲೆ ಬಂದುದು ಯಾವ ಒಬ್ಬನ ಬೆವರಿನಿಂದಲೂ ಅಲ್ಲ. ಹಳಿ ಹಾಕಿದ ಕೂಲಿ, ಮೂಟೆ ಇಳಿಸಿದ ಹಮಾಲ, ಮಂಡಿಗೆ ಶೇಂಗಾ ತಂದ ರೈತ, ಸಂತೆಗೆ ಕಂಬಳಿ ತಂದ ಕುರುಬ, ಇಡೀ ಊರೇ ಸೇರಿ ಆ ಬೆಲೆಯನ್ನು ಹುಟ್ಟಿಸಿದೆ. ತುಮಕೂರು–ದಾವಣಗೆರೆ ಹೊಸ ರೈಲು ಮಾರ್ಗದ ಮಾತು ಬಂದಾಗ ಹಿರಿಯೂರು, ಚಿತ್ರದುರ್ಗದ ಕಡೆ ರೈಲಿಗಿಂತ ಮೊದಲು ನಿವೇಶನದ ದಲ್ಲಾಳಿಗಳು ಓಡಾಡಿದರು. ಹಕ್ಕುಪತ್ರವನ್ನು ಮಾರಲು ಬಿಟ್ಟರೆ ಮಗಳ ಮದುವೆಯ ವರ್ಷ, ಆಸ್ಪತ್ರೆಯ ವರ್ಷ ಅದು ಬಡ್ಡಿಯವನ ಪೆಟ್ಟಿಗೆ ಸೇರುತ್ತದೆ. ಆದುದರಿಂದ ಮನೆಯ ವಾಸದ ಹಕ್ಕು ಕುಟುಂಬಕ್ಕೆ, ತಂದೆತಾಯಿಯಿಂದ ಮಕ್ಕಳಿಗೆ, ಹೆಂಡತಿಯ ಹೆಸರಿನಲ್ಲಿಯೇ ಇರಲಿ. ಯಾರೂ ಎಬ್ಬಿಸದಿರಲಿ. ನೆಲ ಮಾತ್ರ ಊರಿನದಾಗಿ ಉಳಿಯಲಿ.

ಹಂಚಿಕೆ ಹೇಗೆ? ಆಯಾ ವರಮಾನದವರ ಪಟ್ಟಿ ಮಾಡಿ, ಎಲ್ಲರೆದುರು ಚೀಟಿ ಎತ್ತಬೇಕು. ಯಾವ ಮೆಟ್ಟಿಲಿಗೆ ಯಾರು ಬರುತ್ತಾರೆಂಬುದು ಚೀಟಿಯಿಂದಲೇ ತಿಳಿಯಬೇಕು. ಕೇರಿಯವರಿಗೆ ಹಿಂದಿನ ಮೆಟ್ಟಿಲು, ಊರಿನವರಿಗೆ ಮುಂದಿನದು ಎಂದು ಯಾರಾದರೂ ಪಿಸುಗುಟ್ಟಿದರೆ ನಾವು ಅಲ್ಲಿಯೇ ನಿಂತು ತಡೆಯುತ್ತೇವೆ. ಲಂಡನ್ನಿನಲ್ಲಿಯೂ ಒಂದೇ ಕಟ್ಟಡದಲ್ಲಿ ಬಡವರಿಗೆ ಬೇರೆ ಬಾಗಿಲು ಇಟ್ಟು 2014ರಲ್ಲಿ ಜನ ಬೀದಿಗಿಳಿದರು. ಅವರದು ಹಣದ ಬಾಗಿಲು. ನಮ್ಮಲ್ಲಿ ಅದರ ಮೇಲೆ ಜಾತಿಯ ಚಿಲಕ ಬೇರೆ ಇದೆ. ವರಮಾನ ಬೆರೆಸುವ ಮಾತಿಗೆ ಹೂಂಗುಟ್ಟಿ, ಜಾತಿ ಬೆರೆಸುವ ಮಾತಿಗೆ ಎದ್ದುಹೋಗುವವರು ಈ ಸಭೆಯಲ್ಲಿಯೂ ಇರಬಹುದು. ಅವರು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಮಗೆ ಹೊತ್ತು ಉಳಿಯುತ್ತದೆ.

ಮಾಡಬೇಕಾದ ಕೆಲಸವನ್ನು ಹೇಳಿ ಕೂರುತ್ತೇವೆ. ನಗರಸಭೆಯ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಬರಬೇಕು: ನಿಲ್ದಾಣಗಳ ಸುತ್ತಲಿನ ಸಾರ್ವಜನಿಕ ನೆಲವನ್ನು ಜನರ ಅಭಿಪ್ರಾಯ ಕೇಳದೆ ಗುತ್ತಿಗೆಗೆ ಕೊಡಕೂಡದು, ರೈಲ್ವೆ ಮತ್ತು ಸಾರಿಗೆ ಸಂಸ್ಥೆಯವರನ್ನು ಒಂದೇ ಮೇಜಿಗೆ ಕರೆಯಬೇಕು ಎಂದು. ಮೊಳಕಾಲ್ಮೂರಿನವರು ಪಟ್ಟಣ ಪಂಚಾಯಿತಿಗೆ ಇದೇ ಮನವಿ ಕೊಡಲಿ, ಮಗ್ಗದ ಮಾತನ್ನು ಸೇರಿಸಿ. ವಾರ್ಡಿನ ಸದಸ್ಯರು ಬೀದಿಯಲ್ಲಿ ಸಿಕ್ಕಾಗ ಕೇಳಿರಿ, ಅಂಗಡಿಗೆ ಬಂದಾಗ ಕೇಳಿರಿ. ಮನೆ ಇಲ್ಲದವರು, ಬಾಡಿಗೆಯಲ್ಲಿರುವವರು ಸಭೆ ಮುಗಿದ ಮೇಲೆ ಹೆಸರು, ಕೆಲಸ, ಈಗ ಕೊಡುತ್ತಿರುವ ಬಾಡಿಗೆ ಬರೆಸಿ ಹೋಗಿರಿ. ಭಾನುವಾರ ಬೆಳಿಗ್ಗೆ ಏಳಕ್ಕೆ ನಿಲ್ದಾಣದ ಮುಂದಿನ ಬಯಲನ್ನು ಅಳೆಯುತ್ತೇವೆ. ಗಾರೆ ಕೆಲಸದವರು ಯಾರಾದರೂ ನೂರಡಿಯ ಟೇಪು ತಂದರೆ ಅನುಕೂಲ.