ನ್ಯಿಬುವಿನ ಉಡುಪು, ನ್ಯಿಬುವಿನ ನುಡಿ



ಕೇಂದ್ರ ಸರ್ಕಾರದ ಸೇವೆಯಲ್ಲಿ ಊರೂರು ಅಲೆದವನಿಗೆ ಆಸ್ತಿಯೆಂದರೆ ಕಂಡ ನೋಟಗಳ ನೆನಪೇ. ಅಂಥದೊಂದನ್ನು ಇಂದು ತಮ್ಮ ಮುಂದಿಡುತ್ತೇನೆ. ಅರುಣಾಚಲ ಪ್ರದೇಶದ ಕೆಳ ಸುಬನ್‌ಸಿರಿ ಜಿಲ್ಲೆಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿ, ಜಿರೊ ಎಂಬ ಕಣಿವೆಯಿದೆ. ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುವ ಅಪತಾನಿ ಜನರ ನೆಲೆ ಅದು. ಅವರ ಪುರೋಹಿತನಿಗೆ ‘ನ್ಯಿಬು’ ಎಂದು ಹೆಸರು.

ಕಣಿವೆಯ ಹಳ್ಳಿಗಳು ಮೂರು ಗುಂಪುಗಳಾಗಿ, ವರ್ಷಕ್ಕೊಂದು ಗುಂಪಿನಂತೆ ಸರದಿಯಲ್ಲಿ, ಮಾರ್ಚ್ ತಿಂಗಳಿನಲ್ಲಿ ಮ್ಯೋಕೊ ಹಬ್ಬವನ್ನು ನಡೆಸುತ್ತವೆ. ಅದನ್ನು ನೋಡಲು ಹೋದಾಗ, ನಮ್ಮ ಕರಾವಳಿಯ ಭೂತಕೋಲವನ್ನು ಕಂಡಿದ್ದ ನಾನು ಬಣ್ಣ, ಅಣಿ, ಗಗ್ಗರಗಳನ್ನು ನಿರೀಕ್ಷಿಸಿದ್ದೆ. ಕಂಡದ್ದು ಬೇರೆಯೇ. ವೃದ್ಧರೊಬ್ಬರು ಚಿತ್ತಾರದ ಶಾಲನ್ನು ಹೊದ್ದು ನಿಂತಿದ್ದರು; ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಹೆಂಗಸರು ನೇಯ್ದ ಶಾಲು ಅದು. ಕೊರಳಲ್ಲಿ ಮಣಿಸರ. ಹಣೆಯ ಮೇಲೆ ಗಂಟು ಕಟ್ಟಿದ ಕೂದಲು, ಅದಕ್ಕೆ ಅಡ್ಡಲಾಗಿ ಹಿತ್ತಾಳೆಯ ಕಡ್ಡಿ. ಈ ಗಂಟು ಪುರೋಹಿತರಿಗಷ್ಟೇ ಮೀಸಲಲ್ಲ. ಹಳೆಯ ತಲೆಮಾರಿನ ಅಪತಾನಿ ಗಂಡಸರೆಲ್ಲರ ಗುರುತು.

ಬಿದಿರಿನಿಂದ ಕಟ್ಟಿದ ಬಲಿಪೀಠದ ಮುಂದೆ ಆತ ನಸುಕಿನಲ್ಲಿ ಆರಂಭಿಸಿದ ಪಠಣ ಗಂಟೆಗಟ್ಟಲೆ ಸಾಗಿತು. ಕೈಯಲ್ಲಿ ಪುಸ್ತಕವಿಲ್ಲ; ಅವರ ಭಾಷೆಗೆ ಸ್ವಂತ ಲಿಪಿಯೂ ಇಲ್ಲ. ಮೈಮೇಲೆ ಯಾವ ಆವೇಶವೂ ಬರಲಿಲ್ಲ. ಆತ ಚೇತನಗಳನ್ನು ಹೆಸರಿಟ್ಟು ಕರೆಯುತ್ತಾನೆ, ಸತ್ಕರಿಸುತ್ತಾನೆ, ಮನೆಯವರ ಕ್ಷೇಮವನ್ನು ಕೇಳಿ ಪಡೆಯುತ್ತಾನೆ. ಮ್ಯೋಕೊದಲ್ಲಿ ಹಂದಿಯ ಬಲಿ. ಜನವರಿಯ ಮುರುಂಗ್‌ನಲ್ಲಿ ಕಾಟಿಯ ಬಂಧುವಾದ ಮಿಥುನ್ ಎಂಬ ಪ್ರಾಣಿಯ ಬಲಿ. ಮನೆಯಲ್ಲಿ ಕಾಯಿಲೆ ಬಿದ್ದರೆ ಕೋಳಿಯ ಪಿತ್ತಜನಕಾಂಗವನ್ನು, ಮೊಟ್ಟೆಯನ್ನು ಪರೀಕ್ಷಿಸಿ ಶಕುನ ಹೇಳುವವನೂ ಅವನೇ. ಸತ್ತವರು ‘ನೆಲಿ’ ಎಂಬ ಲೋಕವನ್ನು ಸೇರುತ್ತಾರೆಂದು ಅವರ ನಂಬಿಕೆ. ಅಲ್ಲಿಗೆ ಬೀಳ್ಕೊಡಲು ಸಹ ಅವನ ಮಾತೇ ಬೇಕು.

ಈ ಮಾತು ಮನೆಮಾತಲ್ಲ; ಜೋಡಿ ಜೋಡಿ ಸಾಲುಗಳಲ್ಲಿ ಹರಿಯುವ ಪ್ರಾಚೀನ ನುಡಿ. ಹಿರಿಯ ನ್ಯಿಬುವಿನ ಬಳಿ ವರ್ಷಗಟ್ಟಲೆ ಕೇಳಿಯೇ ಅದನ್ನು ಕಲಿಯಬೇಕು. ಪಕ್ಕದಲ್ಲಿದ್ದ ತರುಣನನ್ನು ಅರ್ಥ ಕೇಳಿದೆ. “ಸರ್, ನನಗೂ ಅರ್ಧದಷ್ಟೇ ತಿಳಿಯುತ್ತದೆ” ಎಂದು ಆತ ತಲೆತಗ್ಗಿಸಿದ. ಅವನ ಹೆಗಲ ಮೇಲೂ ಅಂದವಾದ ಹೊಸ ಶಾಲು ಇತ್ತು.

ಕ್ರೈಸ್ತ ಮತ ಹಬ್ಬಿದೆ. ಸೂರ್ಯಚಂದ್ರರ ಹೆಸರಿನಲ್ಲಿ 1980ರ ದಶಕದಿಂದ ಬೆಳೆದ ದೋನ್ಯಿ–ಪೋಲೊ ಚಳವಳಿ ಹಳೆಯ ನಂಬಿಕೆಗೆ ಪ್ರಾರ್ಥನಾ ಮಂದಿರಗಳನ್ನು ಕೊಟ್ಟಿದೆ. ವಿದ್ವಾಂಸ ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮುರುಂಗ್‌ನ ದೀರ್ಘ ಪಠಣವೊಂದನ್ನು ದಾಖಲಿಸಿ, ಅನುವಾದದೊಡನೆ 2010ರಲ್ಲಿ ಪ್ರಕಟಿಸಿದರು. ಉಪಕಾರದ ಕೆಲಸವೇ ಸರಿ. ಆದರೆ ಪುಸ್ತಕವು ರೋಗಿಯ ಹೊಸ್ತಿಲಿಗೆ ನಡೆದುಬರಲಾರದು. ಶಾಲನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಾಡಬಹುದು, ಅಂಗಡಿಯಲ್ಲಿ ಕೊಳ್ಳಲೂಬಹುದು. ಅದನ್ನು ಹೊದ್ದು ನುಡಿಯಬಲ್ಲವನನ್ನು ಒಂದು ಸಮಾಜ ತಾನೇ ಬೆಳೆಸಿಕೊಳ್ಳಬೇಕು.

ಬಂಧುಗಳೆ, ಆ ತರುಣನನ್ನು ಕಂಡು ನಗುವ ಅಧಿಕಾರ ನನಗಿರಲಿಲ್ಲ. ರಾಜ್ಯೋತ್ಸವದಂದು ನಮ್ಮ ಮಕ್ಕಳು ಪಂಚೆ ಉಟ್ಟು, ಇಳಕಲ್ ಸೀರೆ ಉಟ್ಟು ಈ ವೇದಿಕೆಗೇ ಬರುತ್ತಾರೆ. ಹಾಡಿದ ಹಾಡಿನ ಅರ್ಥ ಕೇಳಿದರೆ ತಾಯಿಯ ಮುಖ ನೋಡುತ್ತಾರೆ. ಉಡಿಸಿದವರು ನಾವು. ನುಡಿಸಬೇಕಾದವರೂ ನಾವೇ. ಇಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತಾಗ ಆ ಕೆಲಸವನ್ನು ಆರಂಭಿಸಬಹುದು.