ಮಕ್ಕಳ ಕೈಯ ಕಾಗದದ ಹೂವುಗಳು

(ಮುಂಬಯಿಯ ವಡಾಲದಲ್ಲಿ ಕನ್ನಡ ಪಾಲಕರು ಮತ್ತು ಮಕ್ಕಳ ಸಮ್ಮುಖದಲ್ಲಿ ನೀಡಿದ ಭಾಷಣದ ಪಠ್ಯ)



ಬೇಸಗೆಯ ರಜೆ ಸಮೀಪಿಸುತ್ತಿದೆ. ಇಲ್ಲಿ ನೆರೆದಿರುವ ಅನೇಕ ಕುಟುಂಬಗಳು ಇನ್ನು ಕೆಲವೇ ವಾರಗಳಲ್ಲಿ ಊರಿನ ದಾರಿ ಹಿಡಿಯಲಿವೆ. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಕುಂದಾಪುರ, ಉಡುಪಿ, ಮಂಗಳೂರುಗಳು ಮುಂಬಯಿಗೆ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಗಿವೆ. ಹೊರಡುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಏಳುವ ಪ್ರಶ್ನೆ ಒಂದೇ: ಊರಿನಲ್ಲಿರುವ ಅಜ್ಜ ಅಜ್ಜಿಯರಿಗೆ ಏನನ್ನು ಒಯ್ಯೋಣ?

ಮಕ್ಕಳು ತಮ್ಮ ಕೈಯಾರೆ ಮಾಡಿದ ಕಾಗದದ ಹೂವುಗಳನ್ನು ಒಯ್ಯಿರಿ ಎಂಬುದು ನನ್ನ ಸಲಹೆ. ವಡಾಲಕ್ಕೆ ದಾದರಿನ ಹೂವಿನ ಮಾರುಕಟ್ಟೆ ದೂರವಲ್ಲ. ಆದರೆ ಅಲ್ಲಿ ಕೊಂಡ ಮಲ್ಲಿಗೆ ರೈಲು ಊರು ಮುಟ್ಟುವಷ್ಟರಲ್ಲಿ ಬಾಡಿರುತ್ತದೆ. ಕಾಗದದ ಹೂವು ಬಾಡದು. ಆದರೂ ಅದರ ನಿಜವಾದ ಪ್ರಯೋಜನ ಬೇರೆಯೇ ಇದೆ. ಅದನ್ನು ನನ್ನ ಮನೆಯ ಅನುಭವದಿಂದಲೇ ತಿಳಿಸುತ್ತೇನೆ.

ನಾನು ವೃತ್ತಿಯಿಂದ ಅನುವಾದಕ. ದಿನವಿಡೀ ಕನ್ನಡದ ಪದಗಳನ್ನು ಹುಡುಕುವುದು ನನ್ನ ಕೆಲಸ. ಹೀಗಿದ್ದರೂ ನನ್ನ ಮಗಳು ಕುಂದಾಪುರದ ಕಡೆಯ ಊರಿನಲ್ಲಿರುವ ತನ್ನ ಅಜ್ಜಿಯೊಡನೆ ದೂರವಾಣಿಯಲ್ಲಿ ಆಡುತ್ತಿದ್ದುದು ಎರಡೇ ಮಾತು: “ಹೇಗಿದ್ದೀರಿ ಅಜ್ಜಿ? ಊಟ ಆಯಿತಾ?” ಪ್ರೀತಿಗೆ ಕೊರತೆಯಿರಲಿಲ್ಲ, ಮಾತಿಗೆ ವಿಷಯವೂ ಪದಗಳೂ ಇರಲಿಲ್ಲ. ಒಂದು ಭಾನುವಾರ ನಾವಿಬ್ಬರೂ ಕಾಗದದ ಹೂವು ಮಾಡಲು ಕುಳಿತಾಗ ಅವಳು, “ಅಪ್ಪಾ, ಈ ಪಾಕಳಿ ಹರಿದುಹೋಯಿತು” ಎಂದಳು. ಮರಾಠಿಯ ಆ ಸೊಗಸಾದ ಪದ ಅವಳಿಗೆ ತಿಳಿದಿತ್ತು. ನಮ್ಮ ‘ಎಸಳು’ ತಿಳಿದಿರಲಿಲ್ಲ. ನಾನು ಅದನ್ನು ಒಮ್ಮೆ ಹೇಳಿದೆ, ಅಷ್ಟೆ. ಸಂಜೆ ಅವಳು ಅಜ್ಜಿಗೆ ಎಂಟು ಎಸಳಿನ ಹೂವು ಮಾಡಿದ ಸಂಗತಿಯನ್ನು ಹೇಳಿದಳು. ಅಜ್ಜಿ ಯಾವ ಹೂವು, ಯಾವ ಬಣ್ಣ, ತೊಟ್ಟು ಯಾವುದರದು ಎಂದು ಕೇಳುತ್ತಾ ಹೋದರು. ಅಂದು ಆ ಸಂಭಾಷಣೆ ಎರಡು ಮಾತಿಗೆ ಮುಗಿಯಲಿಲ್ಲ.

ಮಾಡುವ ವಿಧಾನ

ಐದು ವರ್ಷ ದಾಟಿದ ಮಕ್ಕಳಿಗೆ ಸುಲಭವಾದುದು ಚೆಂಡುಹೂವು. ಗಾಳಿಪಟದ ತೆಳುವಾದ ಹಳದಿ ಅಥವಾ ಕಿತ್ತಳೆ ಬಣ್ಣದ ಕಾಗದವನ್ನು 18 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಎಂಟು ಹಾಳೆಗಳಾಗಿ ಕತ್ತರಿಸಿ, ಒಂದರ ಮೇಲೊಂದು ಇಡಬೇಕು. ಉದ್ದದ ಬದಿಯನ್ನು ಒಂದೂವರೆ ಸೆಂ.ಮೀ. ಅಳತೆಯಲ್ಲಿ ಬೀಸಣಿಗೆಯಂತೆ ಹಿಂದಕ್ಕೂ ಮುಂದಕ್ಕೂ ಮಡಿಸುತ್ತಾ ಹೋದರೆ ಒಂದು ಪಟ್ಟಿಯಾಗುತ್ತದೆ. ಅದರ ನಡುವೆ ದಾರ ಬಿಗಿದು, ಎರಡೂ ತುದಿಗಳನ್ನು ಗರಗಸದ ಹಲ್ಲಿನಂತೆ ಕತ್ತರಿಸಬೇಕು. ಬಳಿಕ ಹಾಳೆಗಳನ್ನು ಒಂದೊಂದಾಗಿ ನಡುವಿನ ಕಡೆಗೆ ಎತ್ತಿ ಬಿಡಿಸಬೇಕು. ಅವಸರ ಮಾಡಿದರೆ ಕಾಗದ ಹರಿಯುತ್ತದೆ; ತಾಳ್ಮೆಯನ್ನು ಕಾಗದವೇ ಕಲಿಸುತ್ತದೆ.

ಎಂಟು ಹತ್ತು ವರ್ಷದವರು ಕ್ರೇಪ್ ಕಾಗದದಿಂದ ಗುಲಾಬಿಯನ್ನು ಮಾಡಬಹುದು. ಈ ಕಾಗದದ ನಿರಿಗೆಗಳು ಎಸಳಿನ ಬುಡದಿಂದ ತುದಿಗೆ ಸಾಗುವಂತೆ ಕತ್ತರಿಸುವುದು ಮುಖ್ಯ. ಆಗ ಎಸಳಿನ ನಡುಭಾಗವನ್ನು ಎರಡು ಹೆಬ್ಬೆರಳುಗಳಿಂದ ಅಡ್ಡಲಾಗಿ ಎಳೆದರೆ ಅದು ಬಟ್ಟಲಿನಂತೆ ಕುಳಿ ಬೀಳುತ್ತದೆ. ಮೂರು ಚಿಕ್ಕ ಎಸಳುಗಳನ್ನು ಒಳಗೆ, ಐದು ದೊಡ್ಡ ಎಸಳುಗಳನ್ನು ಹೊರಗೆ ಸುತ್ತಿ, ತೆಂಗಿನ ಗರಿಯ ಕಡ್ಡಿಗೆ ದಾರದಿಂದ ಕಟ್ಟಿ, ಹಸಿರು ಕಾಗದದ ಪಟ್ಟಿಯನ್ನು ಮೈದಾ ಅಂಟಿನಿಂದ ಅಂಟಿಸಿದರೆ ತೊಟ್ಟು ಸಿದ್ಧ.

ಮಲ್ಲಿಗೆಗೆ 3 ಸೆಂ.ಮೀ. ಚೌಕದ ಬಿಳಿ ಕಾಗದದ ತುಂಡುಗಳು ಸಾಕು. ಒಂದು ತುದಿಯನ್ನು ಹೊಸೆದರೆ ಮೊಗ್ಗಾಗುತ್ತದೆ. ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟುವಾಗ ಮಕ್ಕಳಿಗೆ ಊರಿನ ಲೆಕ್ಕವನ್ನು ಹೇಳಿಕೊಡಿ: ಶಂಕರಪುರದ ಮಲ್ಲಿಗೆಯ ವ್ಯಾಪಾರದಲ್ಲಿ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ.

ಚಿಕ್ಕವರ ಕೈಗೆ ಮೊಂಡು ತುದಿಯ ಕತ್ತರಿಯನ್ನೇ ಕೊಡಬೇಕು. ಕ್ರೇಪ್ ಕಾಗದ ಒದ್ದೆಯಾದರೆ ಬಣ್ಣ ಬಿಡುತ್ತದೆ. ದೇವರ ಮುಂದಿನ ದೀಪ, ಊದುಬತ್ತಿಗಳ ಬಳಿ ಈ ಹೂವುಗಳನ್ನು ಇಡಕೂಡದು.

ಪದಗಳ ಕೊಡುಗೆ

ಹೂವು ಮಾಡುವ ಒಂದು ಗಂಟೆಯಲ್ಲಿ ಎಸಳು, ತೊಟ್ಟು, ಮೊಗ್ಗು, ಕೇಸರ, ನಾರು, ಮಡಿಕೆ, ನಿರಿಗೆ, ಹೊಸೆ, ಸುತ್ತು, ಬಿಗಿ ಎಂಬ ಪದಗಳು ಪಾಠವೆನಿಸದೆ ಬಂದುಹೋಗುತ್ತವೆ. ಮರಾಠಿಯ ಝೆಂಡು ನಮ್ಮ ಚೆಂಡುಹೂವು, ಅಬೋಲಿ ನಮ್ಮ ಅಬ್ಬಲಿಗೆ, ಶೇವಂತಿ ನಮ್ಮ ಸೇವಂತಿಗೆ. ಮಗು ಮರಾಠಿ ಪದವನ್ನಾಡಿದರೆ ತಪ್ಪೆನ್ನಬೇಡಿ. ಅದರ ಪಕ್ಕದಲ್ಲಿ ಕನ್ನಡದ ಪದವನ್ನೂ ಇಡಿ. ಎರಡು ಭಾಷೆಗಳ ಮಗು ಬಡವಾಗುವುದಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ಈ ವಿಧಿ 1956ರ ಏಳನೆಯ ತಿದ್ದುಪಡಿಯಿಂದ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಅಥವಾ ಸ್ಥಳೀಯ ಭಾಷೆಯ ಶಿಕ್ಷಣವನ್ನು ಪ್ರತಿಪಾದಿಸಿದೆ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗೆ ಈ ನಗರದ ಕನ್ನಡ ರಾತ್ರಿ ಶಾಲೆಗಳು ಅಕ್ಷರ ಕಲಿಸಿದವು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯೂ ಇದೆ. ಆದರೆ ಕಾನೂನು ಶಾಲೆಯ ಬಾಗಿಲನ್ನು ತೆರೆಯಬಲ್ಲದೇ ಹೊರತು ಮನೆಯೊಳಗೆ ಮಾತನ್ನು ತುಂಬಲಾರದು. ಆ ಕೆಲಸ ನಮ್ಮದು. ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮಕ್ಕಳ ವಿಷಯದಲ್ಲಂತೂ ಅದು ಸಂಪೂರ್ಣವಾಗಿ ನಮ್ಮದೇ.

ಹಿರಿಯರಿಗೆ ಎರಡು ಮಾತು

ಮಗುವಿನ ಹೂವು ಸೊಟ್ಟಗಿದ್ದರೆ ಅದನ್ನು ತಿದ್ದಬೇಡಿ. ನೀವು ಸರಿಪಡಿಸಿದ ಹೂವು ನಿಮ್ಮದಾಗುತ್ತದೆ, ಮಗುವಿನದಾಗಿ ಉಳಿಯುವುದಿಲ್ಲ. ಅಜ್ಜಿ ಕಾದಿರುವುದು ಅಂಗಡಿಯ ಅಚ್ಚುಕಟ್ಟಿಗಲ್ಲ.

ಹೂಗೊಂಚಲಿನ ಜೊತೆಗೆ ಒಂದು ಚೀಟಿಯಿರಲಿ. ‘ಅಜ್ಜಿಗೆ’ ಎಂಬ ಒಂದೇ ಪದವಾದರೂ ಸರಿ, ಮಗು ತನ್ನ ಕೈಯಿಂದ ಕನ್ನಡದಲ್ಲಿ ಬರೆಯಲಿ. ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ. ಹಳೆಯ ದಿನಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಹೂವುಗಳು ಪ್ರಯಾಣದಲ್ಲಿ ನಲುಗುವುದಿಲ್ಲ.

ಹೂವಿನೊಂದಿಗೆ ನಾರೂ ಸ್ವರ್ಗ ಸೇರಿತೆಂಬ ಗಾದೆ ನಮ್ಮಲ್ಲಿದೆ. ಈ ಕಾಗದದ ಹೂವಿನೊಂದಿಗೆ ನಮ್ಮ ನಾಲ್ಕು ಮಾತುಗಳೂ ಮೊಮ್ಮಕ್ಕಳಿಂದ ಅಜ್ಜಿಯನ್ನು ಸೇರಲಿ. ಬನ್ನಿ, ಕಾಗದ, ಕತ್ತರಿ, ದಾರ ಸಿದ್ಧವಾಗಿವೆ. ಮೊದಲ ಮಡಿಕೆಯನ್ನು ಮಕ್ಕಳೇ ಹಾಕಲಿ.